ದೊಡ್ಡಮ್ಮನ ಆಮೆನ್
ನಮ್ಮ ದೊಡ್ಡಮ್ಮನಿಗೆ ಪಿಸುಮಾತು ಬಾರದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಯಂತ್ರಗಳ ಸದ್ದನ್ನು ಮೀರಿಸಿ ಮಾತಾಡಿದ ಗಂಟಲು ಅದು. ಗುಟ್ಟು ಹೇಳಿದರೂ ಮೂರನೇ ಮಹಡಿಯವರಿಗೆ ಕೇಳಿಸುತ್ತದೆ. ಸರ್ಕಾರ ಚರ್ಚಿಗೆ ಬೀಗ ಜಡಿದ ಮೇಲೆ ನಾವು ಹದಿಮೂರು ಜನ ನಮ್ಮ ಅಡುಗೆಮನೆಯಲ್ಲಿ ಪರದೆ ಎಳೆದುಕೊಂಡು ತುಟಿಯಲ್ಲೇ ಹಾಡುತ್ತಿದ್ದೆವು. ದೊಡ್ಡಮ್ಮ ಒಂದು "ಆಮೆನ್" ಅಂದರೆ ಸಾಕು, ಕಪಾಟಿನ ಲೋಟಗಳು ಗಲಗಲ ಅನ್ನುತ್ತಿದ್ದವು, ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. "ಅಕ್ಕಾ, ಸ್ವಲ್ಪ ಮೆಲ್ಲಗೆ," ಎಂದು ಅಮ್ಮ ಕೈಮುಗಿದರೆ, "ಇದು ಮೆಲ್ಲಗೇನೇ ಕಣೇ," ಎನ್ನುತ್ತಿದ್ದರು. ಕ್ರಿಸ್ತನನ್ನು ಬಿಡುವುದಿಲ್ಲ ಎಂದಿದ್ದಕ್ಕೆ ಕೆಲಸ ಹೋದ ದಿನವೂ ಬಾಗಿಲಲ್ಲೇ ನಿಂತು, "ಒಳ್ಳೇದೇ ಆಯ್ತು, ಇನ್ಮೇಲೆ ದಿನಾ ಪ್ರಾರ್ಥನೆ ಮಾಡಬಹುದು," ಎಂದು ಸಂಭ್ರಮಪಟ್ಟರು. ಕೊನೆಗೆ ಪೊಲೀಸರು ಅವರನ್ನೇ ಹಿಡಿದುಕೊಂಡು ಹೋದಾಗ ನಮಗೆಲ್ಲ ಜೀವ ಬಾಯಿಗೆ ಬಂತು. ಆ ಬಾಯಲ್ಲಿ ಯಾವ ಗುಟ್ಟು ನಿಂತೀತು? ಒಂಬತ್ತನೇ ದಿನ ಬಿಡುಗಡೆಯಾಗಿ ಬಂದರು. ಮೈ ಇಳಿದು ಅರ್ಧವಾಗಿತ್ತು, ದನಿ ಮಾತ್ರ ಹಾಗೇ ಇತ್ತು. "ಜೊತೆಗೆ ಯಾರ್ಯಾರು ಬರ್ತಾರೆ ಅಂತ ದಿನಾ ಕೇಳಿದ್ರು. ನನ್ನ ಹೆಸರು ಬರ್ಕೊಳ್ಳಿ ಸಾರ್, ಬೇಕಾದ್ರೆ ಹತ್ತು ಸಲ ಬರ್ಕೊಳ್ಳಿ ಅಂದೆ." ನಾವು ಹೋ ಎಂದು ನಕ್ಕೆವು. ಅಮ್ಮ ಅವರ ಕೆನ್ನೆಯ ಮೇಲಿನ ಕೆಂಪು ಗೆರೆ ಮುಟ್ಟಿ, "ಹೊಡೆದ್ರಾ ಅಕ್ಕಾ?" ಎಂದಳು. "ಇಲ್ಲ ಕಣೇ. ನಿದ್ದೇಲಿ ಮಾತಾಡೋ ಅಭ್ಯಾಸ ನಂದು. ನಿಮ್ಮ ಹೆಸರು ಎಲ್ಲಿ ಬಾಯಿಂದ ಜಾರುತ್ತೋ ಅಂತ ಭಯ. ದಿನಾ ಬಾಯಿಗೆ ಬಟ್ಟೆ ಬಿಗಿದ್ಕೊಂಡೇ ಮಲಗ್ತಿದ್ದೆ."