ಬಂದ ದಿನವೇ ಕಡುಬು

ಪಿಂಗ್ಯಾವ್ ಕೋಟೆಯೊಳಗೆ ಇಪ್ಪತ್ತೆರಡು ವರ್ಷಗಳಿಂದ ಪ್ರವಾಸಿಗರನ್ನು ಸುತ್ತಾಡಿಸುತ್ತಿರುವ ಹೌ ಲಾನ್‌ಯಿಂಗ್‌ಗೆ ಆ ದಿನ ಸಿಕ್ಕಿದ್ದು ಒಬ್ಬರೇ ಅತಿಥಿ. ತಿಯಾನ್‌ಜಿನ್‌ನಿಂದ ಬೆಳಗಿನ ರೈಲಿನಲ್ಲಿ ಬಂದಿಳಿದ ಸುನ್, ನಿವೃತ್ತ ಶಾಲಾ ಶಿಕ್ಷಕಿ. ಅವರ ಮಗನೂ ಲಾನ್‌ಯಿಂಗ್‌ಳ ಮಗಳು ರೂಯ್‌ಯೂ ಮದುವೆಯಾಗಲು ನಿರ್ಧರಿಸಿದ್ದರು. ಸುನ್ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಊರು, ಮನೆ ನೋಡಿ ಹೇಳುತ್ತೇನೆ ಎಂದು ಒಬ್ಬರೇ ಬಂದಿದ್ದರು. ಮೂರೂವರೆಗೆ ವಾಪಸ್ ರೈಲು.

ಲಾನ್‌ಯಿಂಗ್ ಕಾಲು ನಿಲ್ಲಿಸಲೇ ಇಲ್ಲ. ಕೋಟೆಗೋಡೆ ಹತ್ತಿಸಿದಳು, ಇಳಿಸಿದಳು, ದಕ್ಷಿಣ ಬೀದಿಯಲ್ಲಿ ಎರಡು ಸಲ ನಡೆಸಿದಳು. ಬಾಯಿ ತನ್ನಷ್ಟಕ್ಕೆ ಇಸವಿಗಳನ್ನು ಒಪ್ಪಿಸುತ್ತಿದ್ದರೆ ಕಣ್ಣು ಸುನ್ ಅವರ ಮುಖ ಬಿಟ್ಟು ಕದಲುತ್ತಿರಲಿಲ್ಲ. ಉಪ್ಪುಹಾಕಿ ಬೇಯಿಸಿದ ದನದ ಮಾಂಸ ಕೊಡಿಸಿದಳು. ಅವರು ಒಂದು ಚೂರು ತಿಂದರು. ಓಟ್ಸ್ ಹಿಟ್ಟಿನ ಸುರುಳಿ ಕೊಡಿಸಿದಳು, ಅರ್ಧ ಉಳಿಸಿದರು. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

"ಅಕ್ಕ, ಇಲ್ಲೇ ಪಕ್ಕದಲ್ಲಿ ಇನ್ನೊಂದು ಹಳೇ ಗುಡಿ..."

"ತಂಗಿ," ಸುನ್ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. "ನಾನು ಸಂಬಂಧ ನೋಡೋಕೆ ಬಂದಿದ್ದು. ಇಸವಿ ಬರೆದುಕೊಳ್ಳೋಕಲ್ಲ."

ಲಾನ್‌ಯಿಂಗ್‌ಳ ಕಿವಿ ಬಿಸಿಯಾಯಿತು. ನೇರ ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಅಡುಗೆ ಗಂಡ ಬಾವ್‌ಶುನ್‌ನದು. ಅರಗು ಬಳಿದ ಮರದ ಪೆಟ್ಟಿಗೆಗಳನ್ನು ಅಂಗೈಯಿಂದ ಉಜ್ಜಿ ಹೊಳಪು ಕೊಡುವುದು ಅವನ ಕಸುಬು, ಮಾತು ಕಡಿಮೆ. ಬಂದವರನ್ನು ಕೂರಿಸಿ ಮೇಜಿನ ಮೇಲೆ ತಟ್ಟೆ ಇಟ್ಟ. ಹಬೆಯಾಡುವ ಮಾಂಸದ ಕಡುಬು.

ಆ ಸೀಮೆಯವರೆಲ್ಲ ಬಂದವರಿಗೆ ನೂಡಲ್ಸ್ ಬಡಿಸುತ್ತಾರೆ, ನಂಟು ಅದರಂತೆ ಉದ್ದವಾಗಲಿ ಎಂದು. ಕಡುಬು ಬಡಿಸುವುದು ಹೊರಟವರಿಗೆ.

"ಏನ್ರೀ ಇದು?" ಎಂದಳು ಲಾನ್‌ಯಿಂಗ್ ಹಲ್ಲು ಕಚ್ಚಿ.

"ಮೂರೂವರೆಗೆ ರೈಲಲ್ವಾ? ಹೊರಡೋರಿಗೆ ಅಂತ ಮಾಡಿದೆ."

ಸುನ್ ಊಟದ ಕಡ್ಡಿಗಳನ್ನು ಕೆಳಗಿಟ್ಟರು. "ಕೂತು ಐದು ನಿಮಿಷ ಆಗಿಲ್ಲ, ಆಗಲೇ ಸಾಗಹಾಕ್ತಿದ್ದೀರಾ?"

ಬಾವ್‌ಶುನ್ ತಬ್ಬಿಬ್ಬಾದ. ಲಾನ್‌ಯಿಂಗ್ ಎದ್ದು ಹಿಟ್ಟಿನ ಡಬ್ಬ ತೆಗೆದಳು.

"ಬೆಳಗ್ಗೆಯಿಂದ ಭಯಕ್ಕೆ ಏನೇನೋ ಒದರಿದೆ, ಅಕ್ಕ. ನೂಡಲ್ಸ್ ಮಾಡ್ತೀನಿ. ಆದರೆ ಹಿಟ್ಟು ನೆನೀಬೇಕು. ನಿಮ್ಮ ರೈಲು ತಪ್ಪುತ್ತೆ."

ಸುನ್ ಗಡಿಯಾರ ನೋಡಿದರು. ಚೀಲದಿಂದ ಫೋನ್ ತೆಗೆದು ಮಗನಿಗೆ ಹಚ್ಚಿದರು. "ಟಿಕೆಟ್ ನಾಳೆಗೆ ಬದಲಾಯಿಸು. ಯಾಕೆ ಏನು ಅಂತ ಕೇಳ್ಬೇಡ." ಫೋನ್ ಇಟ್ಟು ಬಾವ್‌ಶುನ್ ಕಡೆ ತಿರುಗಿದರು. "ಈ ಕಡುಬು ಫ್ರಿಜ್ಜಿಗೆ ಹಾಕಿ. ನಾಳೆ ತಿಂತೀನಿ."

ಲಾನ್‌ಯಿಂಗ್ ಹಿಟ್ಟು ನಾದಿದಳು. ಒದ್ದೆ ಬಟ್ಟೆ ಮುಚ್ಚಿಟ್ಟ ಮೇಲೂ ಕೂರಲಾಗದೆ ಒಲೆಗೂ ಬಾಗಿಲಿಗೂ ಓಡಾಡಿದಳು. ಸುನ್ ಅವಳನ್ನೇ ನೋಡುತ್ತಿದ್ದರು.

"ನಿಮ್ಮ ಮಗಳು ಕೋಪ ಬಂದ್ರೆ ಏನ್ಮಾಡ್ತಾಳೆ?"

ಮಗಳ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ಲಾನ್‌ಯಿಂಗ್ ಬಾಯಿ ತೆರೆಯುವ ಮೊದಲೇ ಬಾವ್‌ಶುನ್ ಹೇಳಿಬಿಟ್ಟ: "ನಡೀತಾಳೆ. ಇವಳ ಹಾಗೇ. ಜೊತೆಗಿರೋರನ್ನೂ ನಡೆಸ್ತಾಳೆ."

ಸುನ್ ಊದಿಕೊಂಡ ಪಾದಗಳನ್ನು ಬೂಟಿನಿಂದ ಹೊರಗೆಳೆದರು.

"ಹಾಗಾದ್ರೆ ನನ್ನ ಮಗನ ಬೊಜ್ಜು ಕರಗುತ್ತೆ ಬಿಡಿ," ಎಂದರು.