ಇದೆಯಮ್ಮನ ಹೆಪ್ಪಿನ ಗಡಿಗೆ

ಇದೆಯಮ್ಮನ ಮುತ್ತಜ್ಜ ಹೊಳೆ ದಾಟಿಸುವ ದೋಣಿಯವನು. ನೆರೆ ಬಂದ ವರ್ಷ ಊರೆಲ್ಲ ಸೂರು ಹತ್ತಿ ಕೂತಿದ್ದಾಗ, ಹುಟ್ಟು ಮುರಿದರೂ ಬಿಡದೆ ತನ್ನ ಮನೆಯ ಬಾಗಿಲ ಹಲಗೆ ಕಿತ್ತು, ಅದರಿಂದಲೇ ದೋಣಿ ನಡೆಸಿ, ಕೊನೆಯ ಮುದುಕಿಯನ್ನೂ ಅವಳ ಮೇಕೆಯನ್ನೂ ದಡ ಮುಟ್ಟಿಸಿದವನು. ಅವನ ಮಗಳು, ಅಂದರೆ ಇದೆಯಮ್ಮನ ಅಜ್ಜಿ, ಹಡಗು ಕಟ್ಟುವ ಕಾರ್ಖಾನೆಯ ಗೇಟಿನೆದುರು ಬ್ರೆಡ್ ಸುಡುವ ಒಲೆ ಹಾಕಿದಳು. ಸೌದೆ ಸಿಗದ ಚಳಿಗಾಲದಲ್ಲಿ ಮಲಗುವ ಮಂಚವನ್ನೇ ಒಡೆದು ಉರಿಗೆ ಕೊಟ್ಟು, ಆಮೇಲೆ ಸಾಯುವವರೆಗೂ ನೆಲದ ಮೇಲೇ ಮಲಗಿದಳು. ತಾಯಿಯೋ, ಹೆರಿಗೆ ನೋವು ಶುರುವಾದ ಮೇಲೂ ಒಲೆಯೊಳಗಿನ ಬ್ರೆಡ್ ಇಳಿಸಿ, ಕಾದಿದ್ದ ಗಿರಾಕಿಯ ಕೈಗಿತ್ತು, ಅನಂತರ ಒಳಗೆ ಹೋಗಿ ಹೆತ್ತಳು. ಹಾಗೆ ಹುಟ್ಟಿದವಳೇ ಈಕೆ. ಇಂಥ ವಂಶದಲ್ಲಿ ‘ಮುಗೀತು’ ಎಂಬ ಮಾತಿಗೆ ಹೊಸ್ತಿಲೊಳಗೆ ಜಾಗವಿರಲಿಲ್ಲ. ಯಾರು ಯಾವ ಹೊತ್ತಿಗೆ ಬಂದರೂ ‘ಇದೆ, ಬನ್ನಿ’. ಅದಕ್ಕೇ ಊರು ಆ ಹೆಸರಿಟ್ಟಿತು.

ಆ ಮನೆಯ ಹಿಟ್ಟಿಗೆ ಅಂಗಡಿಯ ಯೀಸ್ಟ್ ಬಿದ್ದದ್ದೇ ಇಲ್ಲ. ಈ ಹೊತ್ತಿನ ಹುಳಿಹಿಟ್ಟಿನಲ್ಲಿ ಒಂದು ಮುದ್ದೆ ಮುರಿದು ಗಡಿಗೆಯಲ್ಲಿಟ್ಟರೆ ಅದೇ ನಾಳೆಯ ಹೆಪ್ಪು. ಒಲೆ ಹಾಕಿದ ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಂದ ಹೆಪ್ಪು.

ಕಾರ್ಖಾನೆಯವರು ನಡೆಸುವ ಇಂಗ್ಲಿಷ್ ಪಾಠಕ್ಕೆ ಇದೆಯಮ್ಮನ ಸೊಸೆ ಹೋಗುತ್ತಿದ್ದಳು. ಹಡಗಿನ ಜೊತೆ ಬರುವ ಹೊರದೇಶದವರು ಗಿರಾಕಿಗಳಾಗಿದ್ದರಲ್ಲ. ಒಂದು ಸಂಜೆ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಏನೋ ಬರೆದು ತಂದಳು.

“ಏನೇ ಇದು?”

“ಬ್ರೆಡ್ ರನ್ ಔಟ್ ಆಗಿದೆ ಅಂತ, ಅತ್ತೆ. ಇದ್ದದ್ದು ಬಳಸಿ ಬಳಸಿ ತೀರಿಹೋದ್ರೆ ಹಾಗಂತಾರೆ. ಹಾಲು, ಎಣ್ಣೆ, ಟೈಮು, ತಾಳ್ಮೆ, ಎಲ್ಲದಕ್ಕೂ ಹೇಳಬಹುದು.”

“ತಾಳ್ಮೆಗೂ ಹೇಳ್ತಾರಾ? ಹಾಗಾದ್ರೆ ನಂದು ಈಗ್ಲೇ ಆಗ್ತಾ ಇದೆ. ತಗೊಂಡ್ಹೋಗಿ ಕದದ ಹಿಂದೆ ಇಡು ಅದನ್ನ, ಅಕ್ಷರ ಗೋಡೆ ಕಡೆಗಿರಲಿ.”

ಆ ವಾರವೇ ರಿಪೇರಿಗೆ ಬಂದ ದೊಡ್ಡ ಹಡಗೊಂದಕ್ಕಾಗಿ ಕಾರ್ಖಾನೆಯಲ್ಲಿ ಎರಡು ಪಾಳಿಯವರು ಒಟ್ಟಿಗೆ ದುಡಿದರು. ಸಂಜೆ ಗೇಟು ತೆರೆದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತೆ ಜನ. ಇದೆಯಮ್ಮನ ತಟ್ಟೆಗಳು ಬರಿದಾದವು. ಅಷ್ಟರಲ್ಲಿ ಬೆಸುಗೆಯವರ ಇನ್ನೊಂದು ಗುಂಪು ಬಂದು ನಿಂತಿತು. ಎದುರಂಗಡಿಯ ಬೇಕರಿಯವನು, ಎಲ್ಲರ ಬಾಯಲ್ಲಿ ಬೋಳಣ್ಣ, ಕೈಕಟ್ಟಿಕೊಂಡು ನೋಡುತ್ತಿದ್ದ.

“ಅಕ್ಕಾ, ಇವತ್ತಾದ್ರೂ ‘ಇಲ್ಲ’ ಅನ್ನೋದು ಕೇಳಿಸ್ಕೊಂಡು ಸಾಯ್ಲಾ?”

“ನಿನ್ನ ತಲೆ ಮೇಲೆ ಕೂದಲು ಬಂದ ದಿನ ಹೇಳ್ತೀನಿ ಕಣೋ!”

ಒಳಗೆ ಹೋದವಳೇ ಗಡಿಗೆಯೊಳಗಿದ್ದ ಹೆಪ್ಪನ್ನೆಲ್ಲ ಬಾಚಿ, ಉಳಿದ ಹಿಟ್ಟಿಗೆ ಸೇರಿಸಿ ನಾದಿ, ಉಬ್ಬಲೂ ಬಿಡದೆ ತೆಳ್ಳಗೆ ತಟ್ಟಿ ಒಲೆಗೆ ತಳ್ಳಿದಳು. ಬೆಸುಗೆಯವರು ಕಣ್ಣು ಕಿರಿದು ಮಾಡಿಕೊಂಡೇ ತಿಂದರು. “ಹುಳಿ ಜಾಸ್ತಿ, ಆದ್ರೂ ಬಿಸಿಯಿದೆ” ಅಂದರು. ಬೋಳಣ್ಣ ತನ್ನ ಅಂಗಡಿಯೊಳಗೆ ಹೋದ. ಗೆದ್ದ ಹುರುಪಿನಲ್ಲಿ ಇದೆಯಮ್ಮ ಗಡಿಗೆಯನ್ನು ಕುದಿನೀರು ಹಾಕಿ ತಿಕ್ಕಿ ತಿಕ್ಕಿ ತೊಳೆದು ಬೋರಲು ಹಾಕಿದಳು.

ನಾಳೆಯ ಹಿಟ್ಟಿಗೆ ಕೈಹಾಕುವಾಗಲೇ ಹೆಪ್ಪು ಉಳಿಸಿಲ್ಲವೆಂದು ನೆನಪಾಯಿತು. ಬಿತ್ತನೆಯ ಕಾಳನ್ನೇ ಬೇಯಿಸಿ ಬಡಿಸಿದ್ದಳು. ಗಡಿಗೆಯ ಮೈಗೆ ಅಂಟಿದ್ದರೂ ಸಾಕಿತ್ತು, ಅದೂ ಕುದಿನೀರಿಗೆ ಹೋಗಿತ್ತು. ಹಿಟ್ಟು ನೀರು ಕಲಸಿಟ್ಟು ಹೊಸ ಹೆಪ್ಪು ಎಬ್ಬಿಸಲು ವಾರವೋ, ಹತ್ತು ದಿನವೋ. ಅಷ್ಟು ದಿನ ಒಲೆ ಆರಿದರೆ, ಗೇಟಿನ ಬಳಿ ಹೊಂಚುಹಾಕುವ ಪ್ಯಾಕೆಟ್ ಬ್ರೆಡ್ಡಿನ ವ್ಯಾನಿಗೆ ಹಬ್ಬ. ಗಿರಾಕಿಯ ನಾಲಿಗೆ ಒಮ್ಮೆ ಹೊರಳಿತೆಂದರೆ ತಿರುಗಿ ಬರುತ್ತದೆಂದು ಹೇಳುವವರು ಯಾರು?

“ಯೀಸ್ಟ್ ತರಲಾ, ಅತ್ತೆ? ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲೇ.”

ಬೆಳಿಗ್ಗೆ ಗೇಟಿನ ಸೈರನ್ ಕೂಗಿತು. ಮುಚ್ಚಿದ ಬಾಗಿಲು ಕಂಡು ಬೋಳಣ್ಣ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನಬೇಡಕ್ಕಾ, ನಿನ್ನ ಸೊಸೆ ಎಲ್ಲಾ ಹೇಳಿದಾಳೆ. ತಗೋ. ಇದು ನಂದೂ ಅಲ್ಲ. ನಮ್ಮಪ್ಪ ಅಂಗಡಿ ಇಟ್ಟಾಗ ನಿಮ್ಮಮ್ಮನೇ ಮುರಿದು ಕೊಟ್ಟ ಹೆಪ್ಪಿನದೇ ಮುದ್ದೆ. ನಿಮ್ಮನೇದೇ ನಿಮ್ಮನೆಗೆ ಬಂತು ಅಂದ್ಕೋ.”

ಇದೆಯಮ್ಮ ಬಟ್ಟೆ ಸರಿಸಿ ಮೂಸಿದಳು. ತಾಯಿಯ ಕೈ ವಾಸನೆಯೇ. ಆಮೇಲೆ ಬಟ್ಟೆಯನ್ನು ಮೊದಲಿದ್ದಂತೆಯೇ ಮುಚ್ಚಿ, ಸೊಸೆಯ ಕಡೆ ತಿರುಗಿದಳು.

“ಕದದ ಹಿಂದಿರೋ ಹಲಗೆ ತಂದು ಹೊರಗೆ ತೂಗುಹಾಕು. ತೀರಿದ್ದು ತೀರಿದೆ, ಸುಳ್ಳು ಯಾಕೆ? ಆದ್ರೆ ರನ್ ಔಟ್ ಆಗಿರೋದು ಹೆಪ್ಪು, ನಾನಲ್ಲ. ಬೋಳಣ್ಣಾ, ಬಟ್ಟಲು ಎತ್ಕೋ. ನಮ್ಮಮ್ಮ ಕೊಟ್ಟದ್ದನ್ನ ನಾನು ತಿರುಗಿ ಈಸ್ಕೊಂಡ್ರೆ ಅವಳು ಕೊಟ್ಟ ಹಾಗಾಗುತ್ತೇನೋ? ಹಿಟ್ಟಿದೆ, ನೀರಿದೆ, ಗಾಳಿ ಯಾರಪ್ಪನ ಸ್ವತ್ತೂ ಅಲ್ಲ. ನಮ್ಮಜ್ಜಿಗೆ ಯಾರು ಬಂದು ಕೊಟ್ಟಿದ್ರು ಹೆಪ್ಪು? ವ್ಯಾನಿನವನು ಅಷ್ಟು ದಿನ ಮಾರ್ಕೊಳ್ಲಿ, ಅವನಿಗೂ ಹೊಟ್ಟೆಯಿದೆ. ನೀನು ಹೋಗು, ನಿನ್ನ ಒಲೆ ಆರೀತು. ಮುಂದೆ ನಿನ್ನ ಗಡಿಗೆ ಏನಾದ್ರೂ ಬರಿದಾದ್ರೆ ನಾಚ್ಕೋಬೇಡ, ಬಂದು ಕೇಳು. ನನ್ನತ್ರ ಇರುತ್ತೆ.”