ಬ್ಯೂಕಿನ ಒಂಬತ್ತು ಹಲ್ಲು

ಹಲ್ಲಿನ ಮೇಸ್ತ್ರಿಯ ಮನೆಯಲ್ಲಿ ನಲವತ್ತಮೂರು ಹಳೆಯ ಅಮೆರಿಕನ್ ಕಾರುಗಳಿದ್ದವು. ಎಲ್ಲವೂ ಲೋಹದ ಅಚ್ಚಿನ ಪುಟ್ಟ ಕಾರುಗಳು, ಅಂಗೈಯಲ್ಲಿ ಹಿಡಿಯುವಂಥವು. ನಡುಮನೆಯ ಗಾಜಿನ ಕಪಾಟಿನಲ್ಲಿ ಇಸವಿಯ ಪ್ರಕಾರ ಸಾಲಾಗಿ ನಿಂತಿದ್ದವು. ಯಾರಾದರೂ ಹೊಗಳಿದರೆ ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದ: "ಒರಿಜಿನಲ್ ಬಣ್ಣ. ಆಮೇಲೆ ಬಳಿದದ್ದಲ್ಲ." ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸೈಕಲ್ಲನ್ನೂ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು.

"ನಮ್ಮನೇಲಿ ನಲವತ್ಮೂರು ಕಾರಿವೆ, ತರಕಾರಿ ತರೋಕೆ ಮಾತ್ರ ಬಸ್ಸಿಗೆ ಕಾಯ್ತೀನಿ" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿ ಮೊದಲು ತಾನೇ ನಗುತ್ತಿದ್ದಳು. ನಾಲ್ಕು ವರ್ಷದಿಂದ ಹಾಗೆ ನಗುವಾಗ ಅವಳ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು.

ಕಾರಣ, ಬಚ್ಚಲಲ್ಲಿ ಕಾಲು ಜಾರಿ, ನಲ್ಲಿಗೆ ಮುಖ ಬಡಿದು, ಮೇಲಿನ ಸಾಲಿನ ಮುಂದಿನ ಹಲ್ಲೊಂದು ಹೋಗಿತ್ತು. ಆಗ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮೇಸ್ತ್ರಿಯ ಕಸುಬೇ ಹಲ್ಲು ಕಟ್ಟುವುದು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುವ ಲ್ಯಾಬಿನಲ್ಲಿ ಅವನಿಗೆ ಮೂವತ್ತು ವರ್ಷವಾಗಿತ್ತು. ಊರಿನ ಅರ್ಧ ಮಂದಿ ಅವನು ಕಟ್ಟಿದ ಹಲ್ಲಿನಲ್ಲೇ ಅಗಿಯುತ್ತಿದ್ದರು, ಕೆಲವರು ಅದೇ ಹಲ್ಲು ಕಡಿದು ಅವನನ್ನೇ ಬೈಯುತ್ತಿದ್ದರು. ಹೆಂಡತಿಯ ಗಾಯ ಮಾಗಿದ ಮೇಲೆ ಅವಳ ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರಿನ ದವಡೆ ಎರೆದು, 'ಮನೆ' ಎಂದು ಚೀಟಿ ಅಂಟಿಸಿ ಲ್ಯಾಬಿನ ಅಟ್ಟಣೆಯ ಮೇಲಿಟ್ಟ. ಮನೆಯ ಕೆಲಸ ಎಲ್ಲಿ ಓಡಿಹೋಗುತ್ತದೆ ಎಂದುಕೊಂಡ. ದವಡೆ ಅಲ್ಲೇ ಕೂತು ಧೂಳು ತಿಂದಿತು.

ಹೀಗಿರುವಾಗ ನಲವತ್ತನಾಲ್ಕನೆಯದಾಗಿ ಐವತ್ತನೆಯ ಇಸವಿಯ ಬ್ಯೂಕ್ ಕಾರು ಬಂತು. ಆ ಕಾರಿನ ಅಂದವೆಲ್ಲ ಮೂತಿಯ ಜಾಲರಿಯಲ್ಲಿ ಹಲ್ಲಿನಂತೆ ಸಾಲಾಗಿರುವ ಬೆಳ್ಳಿ ಬಣ್ಣದ ದಪ್ಪ ಕಂಬಿಗಳಲ್ಲಿ. ಎಲ್ಲೋ ಯಾರದೋ ಕೈಯಿಂದ ಬಿದ್ದು ಆ ಹಲ್ಲುಗಳೇ ಉದುರಿಹೋಗಿದ್ದವು. ಬೊಚ್ಚು ಬಾಯಿ ಬಿಟ್ಟುಕೊಂಡು ನಿಂತ ಗಾಡಿಯನ್ನು ನೋಡಿ ಮೇಸ್ತ್ರಿಯ ಕರುಳು ಚುರುಕ್ಕೆಂದಿತು. ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಕೂತು, ಒಂದೊಂದು ಹಲ್ಲನ್ನೂ ಮೇಣದಲ್ಲಿ ಕೆತ್ತಿ, ಕಟ್ಟುಹಲ್ಲಿನ ತಗಡಿಗೆ ಬಳಸುವ ಲೋಹದಲ್ಲೇ ಎರಕ ಹೊಯ್ದ. ನಾಲ್ಕನೆಯದು ಕೂದಲೆಳೆಯಷ್ಟು ವಾಲಿದೆ ಎನ್ನಿಸಿ ಅದನ್ನು ಮತ್ತೆ ಮಾಡಿದ. ಹದಿನೈದು ದಿನಕ್ಕೆ ಬ್ಯೂಕು ಬಾಯಿ ತುಂಬ ನಕ್ಕಿತು.

ಭಾನುವಾರ ಭಾವಮೈದುನ ಬಂದ. ಅವನು ನಿಜವಾದ ಕಾರುಗಳ ಮೆಕ್ಯಾನಿಕ್. ಬ್ಯೂಕನ್ನು ಕಣ್ಣಿನ ಹತ್ತಿರ ತಂದು ಕೇಳಿದ, "ಭಾವ, ಇದಕ್ಕೆ ಹಲ್ಲು ಯಾರು ಕಟ್ಟಿದ್ದು?"

"ನಾನೇ."

"ಒಂಬತ್ತೂ?"

"ಒಂಬತ್ತೂ. ಹದಿನೈದು ದಿನ ಹಿಡೀತು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ತಮ್ಮನ ಕೈಯಿಂದ ಕಾರನ್ನು ತೆಗೆದುಕೊಂಡು ಎಣಿಸಿದಳು. "ಹೌದು, ಒಂಬತ್ತು" ಎಂದು ವಾಪಸು ಕೊಟ್ಟು ಒಳಗೆ ಹೋದಳು.

ಅವಳು ಬೈದಿದ್ದರೆ ಮೇಸ್ತ್ರಿ ಎರಡು ಮಾತು ಕೇಳಿಸಿಕೊಂಡು ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ. ಆ ವಾರ ಪಕ್ಕದ ಮನೆಯವರು ಬಂದಾಗ ಬಸ್ಸಿನ ಮಾತನ್ನೂ ಆಡಲಿಲ್ಲ. ಅವರು ತಾವಾಗಿಯೇ "ಈಗ ಎಷ್ಟಾಯ್ತು ಕಾರು?" ಎಂದು ಕೆಣಕಿದರೂ "ಅವರನ್ನೇ ಕೇಳಿ" ಎಂದಳು. ನಗು ಇಲ್ಲದ ಮೇಲೆ ಕೈಯೂ ಬಾಯಿಗೆ ಹೋಗಲಿಲ್ಲ. ಮೇಸ್ತ್ರಿಗೆ ಮನೆ ಬಿಕೋ ಎನ್ನಿಸಿತು. ಇವಳು ಇನ್ನು ನಗುವುದೇ ಇಲ್ಲವೇನೋ ಎಂದು ನಿಜವಾಗಿ ಭಯವಾಯಿತು.

ಮರುದಿನ ಲ್ಯಾಬಿಗೆ ಹೋದವನೇ ಅಟ್ಟಣೆಯಿಂದ ದವಡೆ ಇಳಿಸಿ ಧೂಳು ಕೊಡವಿದ. ಹಲ್ಲು ಕಟ್ಟುವಾಗ ಹಗಲು ಬೆಳಕಿನಲ್ಲಿ ಬಣ್ಣದ ಪಟ್ಟಿಯನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದ ಹಲ್ಲಿಗೆ ಹೊಂದುವ ಬಣ್ಣ ಆರಿಸಬೇಕು. ಅದನ್ನು ಬರೆದು ಕಳಿಸದ ಡಾಕ್ಟರುಗಳ ಜೊತೆ ಅವನು ಜಗಳವಾಡಿದ್ದುಂಟು. ಆದರೆ ಈಗ ಮನೆಗೆ ಹೋಗಿ 'ಬಾಯಿ ತೆಗಿ' ಎನ್ನಲು ಅವನಿಗೆ ಮುಖವಿರಲಿಲ್ಲ. ಕಟ್ಟಿಕೊಂಡವಳ ಹಲ್ಲು ತನಗೆ ಗೊತ್ತಿಲ್ಲವೇ ಎಂದು ಕಣ್ಣು ಮುಚ್ಚಿ ನೆನೆಸಿಕೊಂಡು ಬಣ್ಣ ಆರಿಸಿದ. ಊಟದ ಹೊತ್ತಿಗೆ ಹಲ್ಲು ಸಿದ್ಧವಾಯಿತು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದ.

ಅವಳನ್ನು ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿದ. ನಾಲ್ಕು ವರ್ಷದಲ್ಲಿ ಪಕ್ಕದ ಹಲ್ಲು ತುಸು ಸರಿದಿತ್ತು. ಅಂಚನ್ನು ಅರದಲ್ಲಿ ತೀಡಿ, ಮತ್ತೆ ತೀಡಿ ಕೂರಿಸಿದ. ಹಲ್ಲು ಸರಿಯಾಗಿ ಕೂತಿತು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ, ಅದೊಂದು ಮಾತ್ರ ಬೆಳ್ಳಗೆ ಬೆಳಗುತ್ತಿತ್ತು. ಅಕ್ಕಪಕ್ಕದವು ವರ್ಷಗಟ್ಟಲೆ ಚಹಾ ಕುಡಿದು ಕಂದಿದ್ದವು. ಅವು ಕಂದುತ್ತಿದ್ದಾಗ ತಾನು ಎಲ್ಲಿದ್ದೆ ಎಂದು ಮೇಸ್ತ್ರಿಗೆ ಹೊಳೆಯಲಿಲ್ಲ.

"ತಪ್ಪಾಯ್ತು ಕಣೇ. ನಿನ್ನ ನೋಡ್ದೇನೆ ಬಣ್ಣ ಹಾಕ್ಬಿಟ್ಟೆ."

"ಮತ್ತೆ ಯಾರನ್ನ ನೋಡಿ ಹಾಕಿದ್ರಿ?"

"ನೆನಪಲ್ಲಿದ್ದೋಳನ್ನ."

ಅವಳು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿಕೊಂಡಳು. "ಇದು ಮದುವೆ ಹೊತ್ತಿನ ಹಲ್ಲು ಕಣ್ರೀ."

"ಕೊಡು, ಬೇರೆ ಮಾಡ್ತೀನಿ. ಎರಡು ಗಂಟೆ ಕೆಲಸ."

"ಎರಡೇ ಗಂಟೆ ಕೆಲಸಾನಾ?"

ಮೇಸ್ತ್ರಿ ಅರವನ್ನು ಒರೆಸತೊಡಗಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹೆಂಡತಿ ಹಲ್ಲು ತೆಗೆದು ಕೊಡಲಿಲ್ಲ.

ಮುಂದಿನ ಭಾನುವಾರ ಅವಳ ತಮ್ಮ ತನ್ನ ಗೆಳೆಯನೊಬ್ಬನನ್ನು ಕರೆತಂದ. ಗೆಳೆಯ ಕಪಾಟು ನೋಡಿ ಬೆರಗಾಗುತ್ತಿದ್ದಂತೆ ಒಳಗಿನಿಂದ ಅವಳೇ ಹೇಳಿದಳು, "ನಲವತ್ನಾಲ್ಕು ಕಾರಿವೆ, ತರಕಾರಿ ತರೋಕೆ ಮಾತ್ರ ಬಸ್ಸಿಗೆ ಕಾಯ್ತೀನಿ." ಹೇಳುತ್ತ ಹೊರಗೆ ಬಂದು ನಕ್ಕಳು. ಒಂದು ಕೈಯಲ್ಲಿ ನೀರಿನ ಲೋಟವಿತ್ತು, ಇನ್ನೊಂದು ಕೈ ಬಾಯಿಗೆ ಹೋಗಲಿಲ್ಲ.

ಮೆಕ್ಯಾನಿಕ್ಕಿನ ಕಣ್ಣು ಸುಮ್ಮನಿರುತ್ತದೆಯೇ. "ಅಕ್ಕ, ಒಂದು ಹಲ್ಲು ಬೇರೆ ಬಣ್ಣ" ಎಂದ.

ಮೇಸ್ತ್ರಿ ನೆಲ ನೋಡಿದ.

"ಅದೊಂದೇ ಕಣೋ ಒರಿಜಿನಲ್ ಬಣ್ಣ" ಎಂದಳು ಅವಳು.